ಕಾಪಿ ಮಾಡದ ಡ್ರೈವರ್

ಸಂಗನಬಸವ ಈ ಪ್ರಾಜೆಕ್ಟಿನಲ್ಲಿ ಪಾಸಾದರೆ ಅವನ ಇಂಜಿನಿಯರಿಂಗ್ ಓದು ಮುಗಿದಂತೆ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಅವನ ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡರು.

“ನಿನ್ನ ಈ ನೆಟ್‌ವರ್ಕ್ ಡ್ರೈವರ್ ಪ್ರೋಗ್ರಾಮಿನ ವಿಶೇಷ ಏನಪಾ?”

“ಇದು ಡೇಟಾ ಕಾಪಿ ಮಾಡೂದಿಲ್ರೀ ಸರ್. ಡೇಟಾದ ಪ್ಯಾಕೆಟ್ ಮೆಮೊರಿಯ ಯಾವ ಬಫರಿನ್ಯಾಗ, ಅಂದ್ರ ಯಾವ ಜಾಗದಾಗ, ಬಂದು ಬೀಳತೈತೋ ಅಲ್ಲೇ ಓದತೈತಿ. ಓದಿ ಮುಗಿದ ಮ್ಯಾಲ ಅದೇ ಜಾಗಾನ ಮುಂದಿನ ಪ್ಯಾಕೆಟ್ಟಿಗೆ ಕೊಡತೈತಿ. ಹಿಂಗಾಗಿ ಮೆಮೊರಿ ಭಾಳ ಉಳೀತೈತ್ರಿ.”

“ಛಲೋ ಐತಿ. ಎಲ್ಲಾ ನೀನ ಬರದಿ?”

“ಒಂದೊಂದು ಸಾಲೂ ನಾನ ಬರದೇನ್ರೀ.”

ಪರೀಕ್ಷಕರು ಕೋಡನ್ನು ನಿಧಾನವಾಗಿ ಓದುತ್ತ ಹೋಗಿ ಒಂದು ಸಾಲಿನ ಬಳಿ ನಿಂತರು. ಅವರ ಮುಖದಲ್ಲಿ ನಗು ಮೂಡಿತು.

“ಈ ಬಫರಿಗೆ ಸುನಂದಾ ಅಂತ ಹೆಸರಿಟ್ಟೀಯಲ್ಲ, ಯಾರಿಕಿ?”

ಸಂಗನಬಸವ ಒಂದು ಕ್ಷಣ ತಡವರಿಸಿದ. ಆಮೇಲೆ ನಾಚಿ ತಲೆ ತಗ್ಗಿಸಿದ.

“ನಮ್ಮ ಸೋದರತ್ತಿ ಮಗಳ್ರೀ ಸರ್. ಬರೋ ವರ್ಷ ಆಕಿ ಜೋಡೀನ ನನ್ನ ಲಗ್ನ.”

ಪರೀಕ್ಷಕರು ಲ್ಯಾಪ್‌ಟಾಪ್ ಮುಚ್ಚಿ ಕನ್ನಡಕ ತೆಗೆದರು.

“ಹದಿನೈದು ವರ್ಷದ ಹಿಂದ ನಾ ಈ ಕೋಡ್ ಬರದು ಇಂಟರ್‌ನೆಟ್ಟಿಗೆ ಹಾಕಿದಾಗ, ಆಕಿ ಆಗಲೇ ನನ್ನ ಹೆಂಡತಿ ಆಗಿದ್ಲಲ್ಲೋ ತಮ್ಮಾ!”