ಕೈಗುಣ

“ಇದೂ ಹೋಯ್ತು,” ಎನ್ನುತ್ತ ಟೈಲರಮ್ಮ ಒಣಗಿದ ಗಿಡವನ್ನು ಕುಂಡದ ಸಮೇತ ನರ್ಸರಿಯವನ ಮೇಜಿನ ಮೇಲಿಟ್ಟಳು.

ನಾಲ್ಕನೆಯದು. ಕಾಡುನೇರಳೆ ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಮಳೆಕಾಡಿನ ದೊಡ್ಡ ಮರಗಳ ನೆರಳಲ್ಲಿ ತನ್ನಷ್ಟಕ್ಕೆ ತಾನು ಬೆಳೆಯುವ ಪೊದೆ. ಬೇಲಿಗೂ ಸೈ, ಕುಂಡಕ್ಕೂ ಸೈ. ಹುಳಿಸಿಹಿ ಹಣ್ಣು, ತಿಂದರೆ ನಾಲಿಗೆಯೆಲ್ಲ ನೀಲಿ. ಟೈಲರಮ್ಮನ ಗಂಡನಿಗೆ ಆ ಹಣ್ಣೆಂದರೆ ಪ್ರಾಣ. ಅವನು ತೀರಿಕೊಂಡ ಮೇಲೆ ಬಾಗಿಲ ಪಕ್ಕ ಒಂದು ಗಿಡ ಬೆಳೆಸಲೇಬೇಕೆಂದು ಅವಳು ಹಟ ತೊಟ್ಟಿದ್ದಳು.

“ಬಿಸಿಲಿಗೆ ಇಟ್ರಾ?”

“ಇಲ್ಲಪ್ಪ, ನೀವು ಹೇಳಿದ ಹಾಗೇ ನೆರಳಲ್ಲಿಟ್ಟಿದ್ದೆ.”

ಅವನು ಕುರ್ಚಿ ಎಳೆದು ಕೂರಿಸಿದ. ಟೀ ತರಿಸಿದ. ಮಣ್ಣು, ಗೊಬ್ಬರ ಎಂದು ಶುರುವಾದ ಮಾತು ಅವಳ ಹೊಲಿಗೆ ಯಂತ್ರಕ್ಕೆ, ಅಳತೆಗೆ ನಿಲ್ಲದೆ ಓಡುವ ಗಿರಾಕಿಗಳಿಗೆ ಹೊರಳಿತು. ಇಬ್ಬರೂ ನಕ್ಕರು. ಅವನ ಬಳಿ ಇಷ್ಟು ಹೊತ್ತು ಕೂರುವವರು ಬೇರೆ ಯಾರೂ ಇರಲಿಲ್ಲ. ಜನ ಗಿಡ ಒಯ್ಯುತ್ತಿದ್ದರು. ಅದು ಚಿಗುರಿತೋ, ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಸಂಜೆ ಬೀಗ ಹಾಕಿದ ಮೇಲೆ ಅವನಿಗೆ ರೇಡಿಯೊ ಒಂದೇ ಜೊತೆ.

“ಮನೆಗೇ ಬಂದು ನೋಡ್ತೀನಿ,” ಎಂದ.

ಹೋಗಿ ನೋಡಿದ. ಮಣ್ಣು ಹದವಾಗಿತ್ತು. ನೆರಳು, ಗಾಳಿ, ನೀರು, ಯಾವುದರಲ್ಲೂ ಕೊರತೆಯಿಲ್ಲ. ಇನ್ನು ಉಳಿದದ್ದು ಇದೊಂದೇ ಎಂಬಂತೆ ಅವಳು ತನ್ನ ಅಂಗೈ ಚಾಚಿದಳು.

“ನನ್ನ ಕೈಗುಣವೇ ಸರಿಯಿಲ್ಲ ಕಣ್ರೀ. ಅವರಿಗೆ ಈ ಕೈಯಲ್ಲೇ ಊಟ, ಈ ಕೈಯಲ್ಲೇ ಔಷಧಿ. ಆದ್ರೂ ಉಳಿಸಿಕೊಳ್ಳೋಕೆ ಆಗ್ಲಿಲ್ಲ. ಹೋಗ್ಲಿ, ಒಂದು ಗಿಡಾನಾದ್ರೂ...” ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. “ಸಾಕು ಬಿಡಿ. ಪಾಪ, ಇನ್ನೊಂದನ್ನ ಯಾಕೆ ಕೊಲ್ಲಲಿ?”

ನರ್ಸರಿಯವನಿಗೆ ಅವಳ ಮುಖ ನೋಡಲಾಗಲಿಲ್ಲ. “ಹಾಗನ್ನಬೇಡಿ. ಇನ್ನೊಂದೇ ಒಂದು ಸಲ. ಈ ಸಲ ಉಳಿಯುತ್ತೆ.”

“ಅಷ್ಟು ಗ್ಯಾರಂಟಿ ಹೇಗೆ ಹೇಳ್ತೀರಿ?”

ಅವನು ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದ.

ಮರುದಿನ ಹೊಸ ಗಿಡವನ್ನು ತಾನೇ ಹೊತ್ತು ತಂದು ಅವಳ ಬಾಗಿಲ ಪಕ್ಕ ಇಟ್ಟುಹೋದ. ತಿಂಗಳೊಳಗೆ ಗಿಡ ಚಿಗುರಿತು. ಆಮೇಲೆ ಹೂ ಬಿಟ್ಟಿತು. ಟೈಲರಮ್ಮ ಮತ್ತೆ ನರ್ಸರಿಗೆ ಬರಲಿಲ್ಲ.

ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು: ಮೊದಲಿನ ನಾಲ್ಕು ಗಿಡಗಳ ಬೇರನ್ನು ಮಣ್ಣಿನೊಳಗೇ ಕತ್ತರಿಸಿ ಕೊಟ್ಟಿದ್ದವನು, ಈ ಸಲ ಕತ್ತರಿ ಮುಟ್ಟಿರಲಿಲ್ಲ.