ಇಬ್ಬರಿಗೊಂದೇ ಮಿಡಿತ

ಕ್ಯಾನ್ಸರ್ ವಾಸಿಯಾದರೂ ಅದರ ಔಷಧಿಗಳಿಂದ ಪಂಕಜಾಕ್ಷಿಯ ಹೃದಯ ಸೋತಿತ್ತು. ಹೃದಯ ಸೋತವರಿಗೆಲ್ಲ ಮಾಡುವಂತೆ ಆಸ್ಪತ್ರೆಯವರು ಅದನ್ನು ಗಂಡ ಚಂದ್ರಯ್ಯನ ಹೃದಯಕ್ಕೆ ಜೋಡಿಸಿ ಕಳಿಸಿದ್ದರು. ಅಂದಿನಿಂದ ಅವನು ಎಲ್ಲೇ ಇದ್ದರೂ ಅವನ ಹೃದಯವೇ ಅವಳದಕ್ಕೂ ಬಲ ಕೊಡುತ್ತಿತ್ತು. ಅವನು ಕೆಲಸದ ಜಾಗದಲ್ಲಿ ಮೆಟ್ಟಿಲು ಹತ್ತಿದರೆ ಅಡುಗೆಮನೆಯಲ್ಲಿದ್ದ ಅವಳಿಗೆ ಏದುಸಿರು ಬರುತ್ತಿತ್ತು.

ಐದನೇ ವರ್ಷದ ತಪಾಸಣೆಯಲ್ಲಿ ಡಾಕ್ಟರು ಇಬ್ಬರ ವರದಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ, "ಯಜಮಾನರ ಹೃದಯವೂ ಹಾಳಾಗಿದೆ. ಇನ್ನು ಎರಡನ್ನೂ ಬೇರೆ ಬೇರೆ ಮಾಡೋಕೂ ಆಗಲ್ಲ. ಹೆಚ್ಚೆಂದರೆ ಮಳೆಗಾಲದವರೆಗೆ, ಇಬ್ಬರೂ" ಎಂದರು.

ಹೊರಗೆ ಬೆಂಚಿನ ಮೇಲೆ ಕೂತು ಚಂದ್ರಯ್ಯ ಅತ್ತುಬಿಟ್ಟ. "ಬೀಡಿ ಬಿಟ್ಟೆ ಅಂತ ನಿನ್ನ ತಲೆ ಮುಟ್ಟಿ ಹೇಳಿದ್ನಲ್ಲ ಪಂಕಜಾ, ಅದು ಸುಳ್ಳು. ಬಸ್ ಡಿಪೋ ಹಿಂದೆ ನಿಂತು ದಿನಾ ಸೇದ್ತಿದ್ದೆ."

"ಗೊತ್ತಿತ್ತು ಕಣ್ರೀ. ನೀವು ಹಚ್ಚಿದಾಗಲೆಲ್ಲ ನನ್ನೆದೆ ದಡದಡ ಹೊಡ್ಕೊಳ್ತಿತ್ತು."

"ಮತ್ತೆ ಯಾಕೆ ಬೈಲಿಲ್ಲ?"

"ಎರಡು ವರ್ಷ ನನ್ನ ವಾಂತಿ ಬಳಿದವರು ನೀವು. ಅದೊಂದು ಸುಖ ಇರಲಿ ಅಂದ್ಕೊಂಡೆ." ಅವಳು ಸೆರಗಿನಿಂದ ಅವನ ಮುಖ ಒರೆಸಿದಳು. "ಬೈಬೇಕಿತ್ತು."

ಬಸ್ಸಿಗೆ ಹೊತ್ತಾಗಿತ್ತು. ಏಳಲು ಹೋದಾಗ ಇಬ್ಬರಿಗೂ ಒಟ್ಟಿಗೇ ಉಸಿರು ಕಟ್ಟಿತು. ಒಬ್ಬರು ಇನ್ನೊಬ್ಬರನ್ನು ಎಬ್ಬಿಸುವಷ್ಟು ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಮತ್ತೆ ಅಲ್ಲೇ ಕೂತರು.