ನಾನೇ ಮಾಡ್ಕೋತೀನ್ರಿ

ಇಪ್ಪತ್ತೆಂಟು ವರ್ಷ ಮೂಟೆ ಹೊತ್ತು ಬೆನ್ನುಮೂಳೆ ಸವೆಸಿಕೊಂಡಿದ್ದ ಫಕೀರಪ್ಪ, ಅಂಗವಿಕಲರ ಮಾಸಾಶನಕ್ಕಾಗಿ ತಪಾಸಣೆಗೆ ಬಂದಿದ್ದ. ವೈದ್ಯೆಗೆ ಅವನ ಮಗಳ ವಯಸ್ಸು. ಪ್ಯಾಂಟು ಬಿಚ್ಚಿಸಿ ಕಾಲುಗಳನ್ನು ಪರೀಕ್ಷಿಸಿದ ಆಕೆ, ಅವನು ಟವೆಲ್ಲು ಸುತ್ತಿಕೊಂಡು ಎದ್ದು ನಿಂತ ಮೇಲೆ ಕೇಳಿದಳು:

“ಸ್ನಾನಕ್ಕೆ, ಶೌಚಕ್ಕೆ ಯಾರದಾದ್ರೂ ಸಹಾಯ ಬೇಕಾಗುತ್ತಾ?”

ಅವನು ಗೋಡೆಯ ಕಡೆ ಮುಖ ತಿರುಗಿಸಿದ. “ಛೇ, ಏನೂ ಬ್ಯಾಡ್ರಿ. ಎಲ್ಲಾ ನಾನೇ ಮಾಡ್ಕೋತೀನ್ರಿ.”

“ಏನೂ ತೊಂದ್ರೆ ಇಲ್ವಾ?”

“ಇಲ್ರಿ.”

“ಹಾಗಾದ್ರೆ ಮಾಸಾಶನ ಸಿಗೋದು ಕಷ್ಟ. ಬಟ್ಟೆ ಹಾಕ್ಕೊಂಡು ಹೊರಡಿ.”

ಆಕೆ ಅರ್ಜಿಯಲ್ಲಿ ಹಾಗೆಯೇ ಬರೆಯತೊಡಗಿದಳು. ಬರೆದು ಮುಗಿಸುವ ಹೊತ್ತಿಗೂ ಅವನು ಅಲ್ಲೇ ನಿಂತಿದ್ದ. ಪ್ಯಾಂಟು ನೆಲದ ಮೇಲೇ ಬಿದ್ದಿತ್ತು.

“ಇನ್ನೇನು?”

ಅವನು ತಲೆ ತಗ್ಗಿಸಿದ.

“ಹೊರಗ ನಮ್ಮಾಕಿ ಕುಂತಾಳ್ರಿ. ಪ್ಯಾಂಟು ಹಾಕಾಕ ಆಕೀನ್ನ ಸ್ವಲ್ಪ ಒಳಗ ಕರೀತೀರೇನ್ರಿ?”